ಏಣಿ ಇಳಿಸಿದಾಕೆ

ಆಕೆಯ ಬಲಗೈ ಹೆಬ್ಬೆರಳಿನ ಉಗುರು ಬೆಳ್ಳಗಿದ್ದುದನ್ನು ನಾನು ಒಮ್ಮೆಯೂ ನೋಡಲಿಲ್ಲ. ಉದ್ದಕ್ಕೆ ಬೆಳೆಸಿ ಅಂಚು ಚೂಪು ಮಾಡಿದ ಉಗುರು, ಸಂದಿಯಲ್ಲಿ ಕಪ್ಪುಗಟ್ಟಿದ ಹಸಿರು. ಬಳ್ಳಿಯಿಂದ ಎಲೆಯ ತೊಟ್ಟನ್ನು ಅದರಿಂದಲೇ ಚಿವುಟುತ್ತಿದ್ದಳು. ಸವಣೂರಿನ ನಮ್ಮ ಓಣಿಗೆ ಸೋಮವಾರಕ್ಕೊಮ್ಮೆ ವೀಳ್ಯದೆಲೆಯ ಬುಟ್ಟಿ ಹೊತ್ತು ಬರುತ್ತಿದ್ದ ಆಕೆಯನ್ನು ಎಲ್ಲರೂ ಎಲೆಯವ್ವ ಎನ್ನುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಆಕೆಗೆ ನಾನು ಅಕ್ಕಾರು.

ನಮ್ಮ ಕಟ್ಟೆಯ ಮೇಲೆ ಕುಳಿತು ಎಲೆ ಎಣಿಸುವಾಗ ಯಾರು ಮಾತಾಡಿಸಿದರೂ ಉತ್ತರವಿಲ್ಲ. ಎಣಿಕೆ ಮುಗಿಯಬೇಕು, ಒದ್ದೆ ಬಟ್ಟೆ ಸುತ್ತಿ ಮೇಲೆ ನೀರು ಚಿಮುಕಿಸಬೇಕು. ಆಮೇಲೆ, "ಹಾಂ, ಈಗ ಹೇಳ್ರಿ."

ಗಂಡ ಸತ್ತ ಹನ್ನೆರಡನೆಯ ದಿನವೇ ಆಕೆ ತೋಟದಲ್ಲಿ ಏಣಿ ಹತ್ತಿದ್ದಳಂತೆ. ಮರಕ್ಕೆ ಹಬ್ಬಿದ ಬಳ್ಳಿಯಿಂದ ಎಲೆ ಬಿಡಿಸುವುದು ಗಂಡಸರ ಕೆಲಸ. ಹೆಂಗಸರು ನೆರಳಲ್ಲಿ ಕುಳಿತು ಕಟ್ಟು ಕಟ್ಟಬೇಕು. ಬೇಲಿಯಾಚೆ ನಿಂತ ಒಬ್ಬ ಚುಚ್ಚಿದನಂತೆ: "ಏನಬೇ, ಅಷ್ಟ ಮ್ಯಾಲೆ ಹತ್ತೀದಿ, ಸ್ವರ್ಗದಾಗ ಗಂಡ ಕಾಣ್ತಾನೇನು?"

"ಅಂವ ಕಾಣವಲ್ಲ. ನಿನ್ನ ಬೋಳ ನೆತ್ತಿ ಮಾತ್ರ ಚಲೋ ಕಾಣತೈತಿ" ಎಂದು ಎಲೆ ಚಿವುಟುತ್ತಲೇ ಇದ್ದಳಂತೆ.

ನಮ್ಮ ಯಜಮಾನರು ತೀರಿಕೊಂಡಾಗ ಕಪಾಟಿನಲ್ಲಿ ಕ್ರೂಸ್ ಹಡಗಿನ ಎರಡು ಟಿಕೆಟ್‌ಗಳಿದ್ದವು. ಮುಂಬೈಯಿಂದ ಹೊರಟು ಒಂದು ದ್ವೀಪ ಮುಟ್ಟಿ ಬರುವ ಟ್ರಿಪ್. ಬ್ರೋಷರಿನಲ್ಲಿ 'ಶೋರ್ ಎಕ್ಸ್‌ಕರ್ಷನ್: ಬೀಚುಗಳು ಮತ್ತು ಮೀನುಗಾರರ ಹಳ್ಳಿ' ಎಂಬ ಸಾಲಿನ ಕೆಳಗೆ ಅವರು ಪೆನ್ಸಿಲ್ಲಿನಿಂದ ಗೆರೆ ಎಳೆದು ಪಕ್ಕದಲ್ಲಿ 'ಮಸ್ಟ್' ಎಂದು ಬರೆದಿದ್ದರು. ಆ ದಂಡೆಯ ಮೇಲೆ ಅವರ ಬದಲಿಗೆ ನಾನಾದರೂ ಕಾಲಿಡಬೇಕು. ನನಗೆ ಉಳಿದಿದ್ದ ಆಸೆ ಅದೊಂದೇ.

ನಾದಿನಿ ಒಪ್ಪಲಿಲ್ಲ. "ವರ್ಷ ತುಂಬೂತನಾ ಹೊಸ್ತಿಲಾ ದಾಟಬ್ಯಾಡ್ರಿ ವೈನಿ. ಅದೂ ಕೋಲು ಹಿಡಕೊಂಡು ಸಮುದ್ರಕ್ಕ?"

ಕಟ್ಟೆಯ ಮೇಲಿದ್ದ ಎಲೆಯವ್ವ ಎಣಿಕೆಯನ್ನು ಅರ್ಧಕ್ಕೇ ನಿಲ್ಲಿಸಿದಳು. ಹಾಗೆ ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಬಳ್ಳಿ ವರ್ಷಗಟ್ಟಲೆ ಕಾಯಂಗಿಲ್ರಿ ಅಕ್ಕಾರ, ಹಡಗಾನೂ ಕಾಯಂಗಿಲ್ಲ. ಸಾಹೇಬ್ರ ಟಿಕೀಟು ಖಾಲಿ ಐತೆಲ್ಲ, ನಾ ಬರ್ತೇನಿ."

ಕಂಪನಿಯವರು ಟಿಕೆಟ್ಟಿನ ಹೆಸರು ಬದಲಿಸಿಕೊಟ್ಟರು. ಆಕೆ ಎರಡು ಸೀರೆ, ಒಂದು ಕಟ್ಟು ಎಲೆ ತೆಗೆದುಕೊಂಡು ಬಂದಳು. ಎಲೆ ಯಾಕೆ ಎಂದೆ. "ಮೀನಗಾರ್ರ ಊರಿಗಿ ಹೊಂಟೇವಂತ ನೀವ ಅಂದ್ರೆಲ್ಲ. ಮಂದಿ ಮನಿಗಿ ಬರಿಗೈಲೆ ಹೆಂಗ ಹೋಗೂದು?"

ಮೂರನೆಯ ಬೆಳಿಗ್ಗೆ ಹಡಗು ದ್ವೀಪದಿಂದ ದೂರವೇ ನಿಂತಿತು. ಮುಂದೆ ನೀರು ಆಳವಿರಲಿಲ್ಲ. ಹಡಗಿನ ಪಕ್ಕದ ಬಾಗಿಲಿನಿಂದ ಕಬ್ಬಿಣದ ಏಣಿ, ಅದರ ಬುಡದಲ್ಲಿ ಓಲಾಡುವ ಸಣ್ಣ ದೋಣಿ. ಬಿಳಿ ಯೂನಿಫಾರ್ಮಿನ ಆಫೀಸರ್ ನನ್ನ ಕೋಲು ನೋಡಿ, ಬಹಳ ಪೊಲೈಟ್ ಆಗಿ, "ಸಾರಿ ಮ್ಯಾಮ್. ಪ್ಲೀಸ್ ರಿಲ್ಯಾಕ್ಸ್ ಆನ್ ದ ಡೆಕ್. ವಿ ಹ್ಯಾವ್ ಬಿಂಗೋ" ಎಂದ. ಕಾನ್ವೆಂಟಿನ ಸಿಸ್ಟರುಗಳು ಹತ್ತು ವರ್ಷ ತಿದ್ದಿ ಕಲಿಸಿದ ಒಬೀಡಿಯೆನ್ಸ್ ನನ್ನ ಎಲುಬಿನಲ್ಲಿ ಇಳಿದಿತ್ತು. ಥ್ಯಾಂಕ್ ಯೂ ಹೇಳಿ ಹಿಂದಕ್ಕೆ ತಿರುಗಿದೆ.

"ಏನಂದ?"

"ಮ್ಯಾಲೆ ಕುಂದರ್ರಿ ಅಂದ. ಅಲ್ಲಿ ಬಿಂಗೋ ಇರತೈತಂತ."

"ಬಿಂಗೋ ಅಂದ್ರ ತಿನ್ನೂದಾ?"

"ಆಟ."

"ಆಟಾ ಆಡಾಕ ಸವಣೂರ ಬಿಟ್ಟು ಬಂದ್ರೇನು?"

ಸವಣೂರಿನಲ್ಲಿ ಎಲ್ಲರಿಗೂ ಅಷ್ಟಿಷ್ಟು ಬರುವ ಉರ್ದುವಿನಲ್ಲಿ ಆಕೆ ಆಫೀಸರನಿಗೆ ಹೇಳಿದಳು: ಇವರು ಬೀಳುವುದಿಲ್ಲ ಬೇಟಾ, ಕೆಳಗೆ ನಾನಿರುತ್ತೇನೆ. ಆತ ಆಗದು ಎಂದು ತಲೆಯಾಡಿಸಿದ. ಹಿಂದೆ ಸಾಲು ಬೆಳೆಯಿತು. ಯಾರೋ ಗೊಣಗಿದರು. ಆಕೆ ಬಾಗಿಲಿನಿಂದ ಸರಿಯಲಿಲ್ಲ. ಕೊನೆಗೆ ಆತ ಇಬ್ಬರು ಖಲಾಸಿಗಳನ್ನು ಕರೆದು, ನನ್ನ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ತಾನೇ ಬಿಗಿದ.

ಆಕೆ ಕಚ್ಚೆ ಬಿಗಿದು ಮೊದಲು ಇಳಿದು ನನ್ನ ಕೆಳಗೆ ನಿಂತಳು. "ನೀರು ನೋಡಬ್ಯಾಡ್ರಿ. ಏಣಿ ಕಡೆ ಮಾರಿ ಮಾಡ್ರಿ. ಕೈ ನಿಮ್ಮವು, ಕಾಲು ನನಗ ಕೊಡ್ರಿ." ನನ್ನ ಪಾದವನ್ನು ಹಿಡಿದು ಒಂದೊಂದೇ ಮೆಟ್ಟಿಲಿನ ಮೇಲೆ ಇಟ್ಟಳು. ಮಧ್ಯದಲ್ಲಿ ನನ್ನ ಮೊಣಕಾಲು ನಡುಗಿ ನಿಂತುಬಿಟ್ಟೆ. "ನಡುಗಲಿ ಬಿಡ್ರಿ, ನಡುಗಿದ್ರ ಏನೂ ಆಗಂಗಿಲ್ಲ. ಮುಂದಿನ ಕಾಲು ಕೊಡ್ರಿ."

ದಂಡೆಯಲ್ಲಿ ಬಿಳಿ ಮರಳು, ಗಾಜಿನಂಥ ಹಸಿರು ನೀರು. ಮೊಣಕಾಲುದ್ದದ ನೀರಿನಲ್ಲಿ ನಿಂತು ಅತ್ತೆ. ಆಕೆ ಸಮಾಧಾನ ಹೇಳಲು ಬರಲಿಲ್ಲ. ನನ್ನ ಕೋಲು ಹಿಡಿದುಕೊಂಡು ಬೇರೆ ಕಡೆ ನೋಡುತ್ತ ನಿಂತಳು. ಹಾಗೆ ನಿಂತವಳು, ಕೈ ಸುಮ್ಮನಿರದೆ, ಎಲೆಯ ಕಟ್ಟಿಗೆ ನೀರು ಚಿಮುಕಿಸಿದ್ದಳು. ಸಮುದ್ರದ ನೀರು.

ತೆಂಗಿನ ಮರಗಳ ನಡುವೆ ಹಳ್ಳಿ. ಹಡಗಿನಿಂದ ಬಂದವರು ಒಣಹಾಕಿದ ಮೀನಿನ ಫೋಟೋ ತೆಗೆಯುತ್ತಿದ್ದರು. ಎಲೆಯವ್ವ ಮೀನು ತಿರುವುತ್ತಿದ್ದ ಒಬ್ಬ ಮುದುಕಿಯ ಎದುರು ಕುಳಿತು ಕಟ್ಟು ಬಿಚ್ಚಿದಳು. ಮೇಲಿನ ಎಲೆಗಳೆಲ್ಲ ಬಾಡಿ ಕಪ್ಪು ಮಚ್ಚೆ ಎದ್ದಿದ್ದವು. ಬೆರಳನ್ನು ನಾಲಗೆಗೆ ಮುಟ್ಟಿಸಿ ನೋಡಿದಳು.

"ಎಲಿ ಜೋಡಿ ಹುಟ್ಟಿ, ಎಲಿ ಜೋಡಿ ಮುದುಕಿ ಆದೆ. ಇಷ್ಟೂ ತಿಳೀಲಿಲ್ಲ ನೋಡ್ರಿ ನನಗ."

"ಹೋಗಲಿ ಬಿಡು," ಎಂದೆ.

"ಯಾಕ ಬಿಡ್ಲಿ?" ಕಟ್ಟಿನ ಒಡಲಿಗೆ ಕೈ ಹಾಕಿ, ಉಪ್ಪು ತಾಗದ ಎಲೆಗಳನ್ನು ಹುಡುಕಿ, ಒಂದೊಂದನ್ನೂ ಸೆರಗಿನಲ್ಲಿ ಒರೆಸಿ ಮುದುಕಿಯ ಕೈಯಲ್ಲಿಟ್ಟಳು. ಮುದುಕಿ ಒಂದನ್ನು ಮೂಸಿ ನೋಡಿ, ಮಡಚಿ, ಸೊಂಟದ ಚೀಲದಿಂದ ಅಡಿಕೆ ತೆಗೆದು ಎಲೆಯವ್ವನೊಂದಿಗೆ ಹಂಚಿಕೊಂಡಳು. ಹಡಗಿನವರು ಕೂಗಿ ಕರೆಯುವ ತನಕ ಇಬ್ಬರೂ ಮೆಲ್ಲುತ್ತ ಕುಳಿತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಮೂರನೆಯವಳಾಗಿ ನಾನೂ ಮರಳಿನಲ್ಲಿ ಕುಳಿತಿದ್ದೆ.

ಊರಿಗೆ ಬಂದ ಮೇಲೆ ನಾನು ಒಬ್ಬಳೇ ಬಸ್ ಹತ್ತತೊಡಗಿದೆ. ಹಾನಗಲ್ಲಿಗೆ ಹೋದೆ, ಹಂಸಭಾವಿಯಲ್ಲಿದ್ದ ಹಳೆಯ ಕಲೀಗ್ ಒಬ್ಬರನ್ನು ನೋಡಿ ಬಂದೆ. ನಾದಿನಿ ಈಗ ಏನೂ ಅನ್ನುವುದಿಲ್ಲ. ಎಷ್ಟು ಗಂಟೆಗೆ ಬರ್ತೀರಿ ಎಂದಷ್ಟೇ ಕೇಳುತ್ತಾಳೆ.

ಹೋದ ಮಳೆಗಾಲದಲ್ಲಿ ಎರಡು ದಿನದ ಜ್ವರಕ್ಕೆ ಎಲೆಯವ್ವ ಹೋಗಿಬಿಟ್ಟಳು. ಅವರ ಹೊಲದ ಅಂಚಿನಲ್ಲೇ ಮಣ್ಣು ಮಾಡುವುದಿತ್ತು. ಆಕೆಯ ಸೊಸೆ ನನಗೊಂದು ಕುರ್ಚಿ ತಂದಿಟ್ಟಳು.

"ನೀವು ಇಲ್ಲೇ ಕುಂದರ್ರಿ ಅಕ್ಕಾರ. ದಾರಿ ಭಾಳ ಕೆಸರೈತಿ, ಗಂಡಸರು ಹೋಗಿ ಬರ್ತಾರ."

ಕುರ್ಚಿಯ ಮೇಲೆ ನನ್ನ ಚೀಲ ಇಟ್ಟೆ. "ನಾನೂ ಬರ್ತೇನಿ" ಎಂದು ಚಪ್ಪಲಿ ಬಿಟ್ಟು ನಡೆದೆ. ಎರಡು ಕಡೆ ಕಾಲು ಹೂತಿತು, ಹಿಂದಿನವರು ಕಾದರು. ಕುಣಿಯ ಅಂಚಿಗೆ ನಿಂತು ನನ್ನ ಪಾಲಿನ ಹಿಡಿ ಮಣ್ಣು ಹಾಕಿದೆ. ಮತ್ತೆ ಬಗ್ಗಿ, ಆಕೆ ಯಾರ ಟಿಕೆಟ್ಟಿನಲ್ಲಿ ನನ್ನ ಜೊತೆ ಬಂದಿದ್ದಳೋ ಆ ನಮ್ಮ ಯಜಮಾನರ ಹೆಸರಿನಲ್ಲಿ ಇನ್ನೊಂದು ಹಿಡಿ ಹಾಕಿದೆ.