ನಾಡಿ ನಲವತ್ತಾರು

ಎರಡು ತಿಂಗಳಿಗೊಮ್ಮೆ ನಾನು ಭದ್ರಾವತಿಗೆ ಯಾಕೆ ಹೋಗುತ್ತೇನೆಂದು ನೀವ್ಯಾರೂ ಕೇಳಿರಲಿಲ್ಲ. ಹೆಂಡತಿ ಗಿರಿಜಾ ಕೇಳಿದ್ದಳು. ಹಳೇ ಸ್ನೇಹಿತನನ್ನು ನೋಡೋಕೆ ಎಂದಿದ್ದೆ.

ಶುದ್ಧ ಸುಳ್ಳು. ಅಲ್ಲಿರುವುದು ನನ್ನ ಮನೋವೈದ್ಯರು. ಒಂದು ವರ್ಷದಿಂದ ಖಿನ್ನತೆಗೆ ಮಾತ್ರೆ ನುಂಗುತ್ತಿದ್ದೇನೆ. (ಈ ಅಂಕಣದಲ್ಲಿ ವಾರವಾರ ನಿಮ್ಮನ್ನು ನಗಿಸುವವನಿಗೆ ಖಿನ್ನತೆಯೇ? ಹೌದು ಸ್ವಾಮಿ.) ನಮ್ಮ ಶಿವಮೊಗ್ಗದಲ್ಲಿ ಅಂಥ ಡಾಕ್ಟರಿಲ್ಲವೇ? ಇದ್ದಾರೆ. ಆದರೆ ಕ್ಲಿನಿಕ್ಕಿನ ಬೆಂಚಿನಲ್ಲಿ ಪರಿಚಯದವರೂ ಇರುತ್ತಾರಲ್ಲ!

ಕಳೆದ ತಿಂಗಳು ತಲೆ ಸುತ್ತತೊಡಗಿತು. ನಾಲ್ಕು ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಗಿರಿಜಾ ನನ್ನನ್ನು ನಮ್ಮೂರಿನ ಹೃದಯ ವೈದ್ಯರ ಬಳಿ ಎಳೆದೊಯ್ದಳು. ನನಗೆ ಬಿಪಿ ಮಾತ್ರೆ ಬರೆದವರೂ ಅವರೇ. ಇಸಿಜಿ ತೆಗೆಸಿದರು. ನಾಡಿ ನಿಮಿಷಕ್ಕೆ ನಲವತ್ತಾರು. ಹೀಗೇ ಇದ್ದರೆ ಪೇಸ್‌ಮೇಕರ್ ಬಗ್ಗೆ ಯೋಚಿಸಬೇಕು ಎಂದರು. ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು.

ಇಲ್ಲ ಎಂದೆ. ಎದೆಯೊಳಗೆ ಯಂತ್ರ ಬೇಕಾದರೆ ಕೂರಿಸಿಕೊಂಡೇನು, ಹೆಂಡತಿಯ ಮುಂದೆ ಆ ಮಾತ್ರೆಯ ಹೆಸರು ಹೇಳಲಾರೆ. ಎಂಥಾ ಧೈರ್ಯ ನೋಡಿ!

ಗಿರಿಜಾ ವ್ಯಾನಿಟಿ ಬ್ಯಾಗಿನಿಂದ ಒಂದು ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟಳು. ನನ್ನದೇ.

"ಇದನ್ನೂ ತಗೊಳ್ತಾರೆ ಡಾಕ್ಟ್ರೇ. ಪುಸ್ತಕದ ಹಿಂದೆ ಬಚ್ಚಿಡ್ತಾರೆ. ಅವರಾಗೇ ಹೇಳ್ಲಿ ಅಂತ ಕಾಯ್ತಿದ್ದೆ."

ನಾಚಿಕೆಯಿಂದ ಕುಗ್ಗಿಹೋದೆ. ಡಾಕ್ಟರ್ ಮಾತ್ರ ಖುಷಿಯಾದರು. ಇಂಥ ಕೆಲವು ಮಾತ್ರೆಗಳು ಕೆಲವರಲ್ಲಿ ಹೃದಯದ ಬಡಿತ ನಿಧಾನ ಮಾಡುತ್ತವೆ, ಆ ಬಗ್ಗೆ ಸಂಶೋಧನೆ ನಡೆಯುತ್ತಲೇ ಇದೆ, ನಿಮಗೆ ಇದೂ ಬಿಪಿ ಮಾತ್ರೆಯೂ ಸೇರಿ ಬ್ರೇಕ್ ಹಾಕಿರಬಹುದು ಎಂದರು. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ ಎಂದು ಗದರಿ, ನನ್ನಿಂದ ನಂಬರ್ ಪಡೆದು ಭದ್ರಾವತಿಯ ಡಾಕ್ಟರಿಗೆ ಫೋನ್ ಹಚ್ಚಿದರು. ಇಬ್ಬರೂ ಮಾತಾಡಿಕೊಂಡು ಬಿಪಿ ಮಾತ್ರೆ ಬದಲಿಸಿದರು. ಈಗ ನಾಡಿ ಅರವತ್ತೆಂಟು. ಪೇಸ್‌ಮೇಕರ್ ಸುದ್ದಿಯೇ ಇಲ್ಲ.

ಮೊನ್ನೆ ಗಿರಿಜಾಳೂ ಭದ್ರಾವತಿಗೆ ಬಂದಳು. ಬೆಂಚಿನಲ್ಲಿ ನಮ್ಮ ಬೀದಿಯವರೇ ಇಬ್ಬರು, ಮುಖಕ್ಕೆ ಪೇಪರ್ ಅಡ್ಡ ಹಿಡಿದು ಕೂತಿದ್ದರು!

"ಹಂಗಾದ್ರೆ ಭದ್ರಾವತಿಯವ್ರು ಎಲ್ಲಿಗೆ ಹೋಗ್ತಾರೆ ಮಾರಾಯ್ರೆ?" ಎಂದು ಗಿರಿಜಾ ಕಂಪೌಂಡರನ್ನು ಕೇಳಿದಳು.

ಶಿವಮೊಗ್ಗಕ್ಕೆ ಎಂದ ಆತ, ನಗದೆ.

ವಾಪಸ್ ಬರುವಾಗ ಮಲವಗೊಪ್ಪದಲ್ಲಿ ಭದ್ರಾವತಿ ಕಡೆಯ ಬಸ್ಸು ಎದುರಾಯಿತು. ಕಿಟಕಿ ಪಕ್ಕ ಒಬ್ಬರು ಬಿಸಿಲಲ್ಲೂ ಮಫ್ಲರ್ ಸುತ್ತಿಕೊಂಡಿದ್ದರು. ನಾನು ಕೈ ಬೀಸಿದೆ.

ಹೆಂಡತಿಗೆ ಗೊತ್ತು, ಬೀದಿಯವರು ಬೆಂಚಿನಲ್ಲೇ ಇದ್ದಾರೆ. ಹಾಗಿದ್ದರೆ ಎದೆಗೆ ಯಂತ್ರ ಹಾಕಿಸಿಕೊಂಡಾದರೂ ನಾನು ಬಚ್ಚಿಡಲು ಹೊರಟಿದ್ದು ಯಾರಿಂದ?