ಹತ್ತು ಹೆಜ್ಜೆಯ ನೆಲ

ಕಾಕಾನ ಹಿಮ್ಮಡಿಯಲ್ಲಿ ಬೆರಳು ತೂರುವಷ್ಟು ಬಿರುಕು, ಬಿರುಕಿನ ತುಂಬ ಎರೆಮಣ್ಣು. ನಮಾಜಿಗೆ ಮುನ್ನ ಎಷ್ಟು ತಿಕ್ಕಿ ತೊಳೆದರೂ ಅದು ಹೋಗುತ್ತಿರಲಿಲ್ಲ. ಮನೆಮಂದಿಯೆಲ್ಲ ಕಾಕಾ ಎಂದೇ ಕರೆಯುತ್ತಿದ್ದ ಅವನು ಅಣ್ಣಿಗೇರಿ ಬಳಿಯ ನಮ್ಮ ಹೊಲವನ್ನು ನಮ್ಮಜ್ಜನ ಕಾಲದಿಂದ ಉಳುತ್ತಿದ್ದ. ಹಳ್ಳದ ದಂಡೆಗೆ ಒಂದು ಹಳೆಯ ಕಲ್ಲು ನಿಂತಿತ್ತು. ಅದರ ಮುಂದೆ ಬಂದಾಗ ಕಾಕಾ ನೇಗಿಲನ್ನು ಮಣ್ಣಿನಿಂದ ಎತ್ತಿ ಹಿಡಿದು, ಹತ್ತು ಹೆಜ್ಜೆ ನಡೆದು, ಮತ್ತೆ ಊರುತ್ತಿದ್ದ. ಮುದುಕನ ಹುಚ್ಚು ಎಂದು ನಾವು ನಗುತ್ತಿದ್ದೆವು.

ಎಂಬತ್ತರ ದಶಕದಲ್ಲಿ ಅಪ್ಪ ಟ್ರ್ಯಾಕ್ಟರ್ ತಂದರು. ನಾನಾಗ ದಿನಾ ರೈಲು ಹತ್ತಿ ಹುಬ್ಬಳ್ಳಿ ಕಾಲೇಜಿಗೆ ಹೋಗಿ ಇತಿಹಾಸ ಓದುತ್ತಿದ್ದೆ. ಎಲ್ಲೆಲ್ಲಿಯದೋ ಯುದ್ಧಗಳನ್ನು ಬಾಯಿಪಾಠ ಮಾಡಿಕೊಂಡ ಜಂಬ ಬೇರೆ!

"ಕಾಕಾ, ಆ ಕಲ್ಲು ಟ್ರ್ಯಾಕ್ಟರಿಗೆ ಅಡ್ಡ ಬರತೈತಿ. ನಾಳೆ ಕಿತ್ತು ಬಾವಿ ಕಟ್ಟಿಗೆ ಹಾಕೂಣು," ಅಂದರು ಅಪ್ಪ.

ಅಪ್ಪನಿಗೆ ಎಂದೂ ಎದುರಾಡದ ಕಾಕಾನ ಮುಖ ಸಣ್ಣದಾಯಿತು. "ಕೀಳೂಣ್ರಿ ಗೌಡ್ರ. ಅದಕ್ಕಿಂತ ಮೊದಲ ಒಂದ್ಸಲ ಅದರ ಮಾರಿ ನೋಡ್ರಿ. ಸಂಜಿ ಬಿಸಲಾಗ ಬರ್ರಿ."

ಹೋದೆವು. ಕಾಕಾ ಕಲ್ಲಿನ ಮೇಲೆ ಒಂದು ಕೊಡ ನೀರು ಸುರಿದ. ಇಳಿಬಿಸಿಲು ಓರೆಯಾಗಿ ಬಿದ್ದದ್ದೇ ತಡ, ಬರೀ ಕಲ್ಲು ಎಂದುಕೊಂಡಿದ್ದರ ಮೈಮೇಲೆ ಒಬ್ಬ ಬಿಲ್ಲುಗಾರ, ಅವನೆದುರು ಕುದುರೆ ಸವಾರರು, ಹಿಂದೆ ಸಾಲಾಗಿ ಆಕಳುಗಳು ಎದ್ದು ಬಂದವು. ಅಬ್ಬಾ!

"ಈ ಹಳ್ಳ ಇಬ್ಬರು ರಾಜರ ಗಡಿ ಆಗಿತ್ತಂತ. ಆಚಿ ದಂಡಿನವರು ಊರ ದನಾ ಹೊಡಕೊಂಡು ಹೊಂಟಿದ್ರಂತ. ಇಂವ ಒಬ್ಬನ ಅಡ್ಡ ನಿಂತ. ಈ ಹತ್ತು ಹೆಜ್ಜಿಯೊಳಗ ಬಿದ್ದ ಅಂತ ನಮ್ಮಜ್ಜ ಹೇಳತಿದ್ದ."

"ಪಾಪ, ಸೋತ," ಅಂದೆ ನಾನು, ಇತಿಹಾಸದ ಪಂಡಿತೆ.

"ಎಲ್ಲಿ ಸೋತ ತಂಗಿ? ಆಕಳ ಮಾರಿ ನೋಡು."

ನೋಡಿದೆ. ಒಂದರ ಮುಖವೂ ಹಳ್ಳದ ಕಡೆಗಿರಲಿಲ್ಲ. ಎಲ್ಲವೂ ಊರ ಕಡೆ ತಿರುಗಿದ್ದವು.

"ದನಾ ತಿರುಗಿಸಿನ ಸತ್ತಾನ. ಅವತ್ತ ಅವು ಮನಿಗೆ ಬರದಿದ್ರ ಈ ನಮ್ಮ ಎತ್ತು ಎಲ್ಲಿಂದ ಬರತಿದ್ವು ಗೌಡ್ರ?"

ಅಪ್ಪ ಮೆಲ್ಲಗೆ ಚಪ್ಪಲಿ ಬಿಟ್ಟರು.

ಮರುದಿನ ಟ್ರ್ಯಾಕ್ಟರಿನ ಮುಂದೆ ಕಾಕಾನೇ ನಡೆದ. ಕಲ್ಲಿನ ಹತ್ತಿರ ಕೈ ಎತ್ತಿದ. ಡ್ರೈವರ್ ಹಿಡಿಕೆ ಎಳೆದ, ಕಬ್ಬಿಣದ ನೇಗಿಲು ಮೇಲೆದ್ದಿತು. ಹತ್ತು ಹೆಜ್ಜೆ ಎಣಿಸಿ ಕಾಕಾ ಕೈ ಇಳಿಸಿದ. ಎತ್ತು ಹೂಡಿ ಉಳುವ ಅವನ ಗಳೇ ಅಂದಿಗೆ ಮುಗಿದಿತ್ತು.

ಕಾಕಾ ಹೋಗಿ ಬಹಳ ವರ್ಷವಾಯಿತು. ಈಗ ಟ್ರ್ಯಾಕ್ಟರಿನ ಮುಂದೆ ಬರಿಗಾಲಲ್ಲಿ ನಾನು ನಡೆಯುತ್ತೇನೆ. ಮೊನ್ನೆ ಬಂದ ಹೊಸ ಡ್ರೈವರ್ ನಾನು ಕೈ ಎತ್ತಿದ್ದು ನೋಡಿ ನಕ್ಕ. "ಇಲ್ಲೇನೈತ್ರಿ ಅಕ್ಕಾರ?"

"ಇಳಿಯೋ ಕೆಳಗ," ಅಂದೆ. "ಮೊದಲ ಆಕಳ ಮಾರಿ ನೋಡು."