ಅಗ್ನಿಮೂಲೆಯ ಕಟ್ಟೆ

ಬಸವಕಲ್ಯಾಣದ ನಮ್ಮ ಮನೆಯ ಹಿತ್ತಲಲ್ಲಿ, ಆಗ್ನೇಯ ಮೂಲೆಗೆ, ಮೊಣಕಾಲೆತ್ತರದ ಒಂದು ಸಿಮೆಂಟ್ ಕಟ್ಟೆ ಇದೆ. ಬಂದವರು ಇದು ಯಾವ ದೇವರದ್ದು ಎಂದು ಕೇಳುತ್ತಾರೆ. ದೇವರದ್ದಲ್ಲ, ನಮ್ಮ ಮನೆಯ ಗಂಡಸರ ಬುದ್ಧಿಯ ಸಮಾಧಿ ಎನ್ನುತ್ತೇನೆ. ಜನರೇಟರ್ ಇಡಲೆಂದು ಕಟ್ಟಿಸಿದ್ದು. ಅದರ ಮೇಲೆ ಜನರೇಟರ್ ಕೂತದ್ದು ಒಂದು ತಾಸು ಕೂಡ ಇಲ್ಲ. ಮನೆಗೆಲ್ಲ ಕರೆಂಟ್ ಕೊಡುವ ಯಂತ್ರ ಕೊಳ್ಳಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಂಡವರು ಮೊದಲು ಈ ಕಟ್ಟೆಯ ಕಥೆ ಕೇಳಿ, ಆಮೇಲೆ ಅಂಗಡಿಗೆ ಹೋಗಲಿ.

ಹುಮನಾಬಾದಿನ ಗಂಜ್ ಮಾರುಕಟ್ಟೆಯಲ್ಲಿ ಧಾನ್ಯದ ಚೀಲ ಹೊತ್ತು ಮೇಲೆ ಬಂದವನು ನಾನು. ಈಗ ಸ್ವಂತಕ್ಕೆ ತೊಗರಿ ಖರೀದಿ ಮಾಡುತ್ತೇನೆ. ಓದು ಕಡಿಮೆ, ಚೌಕಾಶಿ ಜಾಸ್ತಿ. ಬೀಗರು ಬಿಜ್ಜರು ಬೋರು ಹೊಡೆಸುವ ಮೊದಲು, ಗಾಡಿ ಕೊಳ್ಳುವ ಮೊದಲು ನನ್ನನ್ನು ಕೇಳುತ್ತಾರೆ. ಕೇಳದಿದ್ದರೂ ಹೇಳುತ್ತೇನೆ.

ವಿಷಯ ಇದ್ದದ್ದು ಅವ್ವನ ಉಸಿರಿನದು. ನಲವತ್ತು ವರ್ಷ ತೊಗರಿಕಟ್ಟಿಗೆಯ ಒಲೆ ಊದಿ ಊದಿ ಅವಳ ಪುಪ್ಪುಸ ಸೋತಿತ್ತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಜೊತೆಗೆ ಒಂದು ಆಕ್ಸಿಜನ್ ಯಂತ್ರವೂ ಬಂತು. ಗೋಡೆಯ ಪ್ಲಗ್ಗಿಗೆ ಹಚ್ಚಿದರೆ ಕೋಣೆಯ ಗಾಳಿಯನ್ನೇ ಎಳೆದು, ಸೋಸಿ, ನಳಿಗೆಯಲ್ಲಿ ಮೂಗಿಗೆ ಕೊಡುತ್ತದೆ. ಕರೆಂಟ್ ಹೋದರೆ ಒಮ್ಮೆ ಚೀರಿ ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತಿಗೆ ಅವ್ವ ಮಂಚದ ಅಂಚು ಹಿಡಿದು ಎದ್ದು ಕೂಡುತ್ತಿದ್ದಳು, ತುಟಿ ಕಪ್ಪಾಗುತ್ತಿತ್ತು. ನಮ್ಮ ಕಡೆ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ. ಗಾಳಿ ಬಿಟ್ಟರೂ ಹೋಗುತ್ತದೆ, ಗಾಳಿ ನಿಂತ ಮೇಲೆ ರಿಪೇರಿಗೂ ಹೋಗುತ್ತದೆ.

ನನ್ನ ತಮ್ಮ ರಸ್ತೆ ಕೆಲಸದ ಗುತ್ತೇದಾರ. ಮಹಡಿಯ ಮೇಲೆ ಇರುತ್ತಾನೆ, ಎರಡು ಏಸಿ ಹಾಕಿಸಿದ್ದಾನೆ. ಅವ್ವನ ಸಲುವಾಗಿ ಇಡೀ ಮನೆಗೆ ಜನರೇಟರ್ ಹಾಕಿಸೋಣ ಎಂದ. ನಾನು ಹಾಳೆ ಪೆನ್ನು ಹಿಡಿದು ಮನೆಯಲ್ಲಿ ಒಬ್ಬೊಬ್ಬರನ್ನೇ ಕೇಳುತ್ತ ಹೋದೆ: ಕರೆಂಟ್ ಹೋದಾಗ ನಿಮಗೆ ಏನು ನಡೆಯಬೇಕು? ತಮ್ಮನಿಗೆ ಏಸಿ. ಅವನ ಹೆಂಡತಿಗೆ ಫ್ರಿಜ್ಜು, ಮಿಕ್ಸರು, ಬಟ್ಟೆ ಒಗೆಯುವ ಮಷಿನ್ನು. ನನ್ನ ಹೆಂಡತಿಗೆ ಬೋರಿನ ಮೋಟರು. ಮಕ್ಕಳಿಗೆ ಟೀವಿ. ಪಟ್ಟಿ ಎರಡು ಹಾಳೆಯಾಯಿತು. ಅವ್ವನ ಸಲುವಾಗಿ ಎಂದು ಶುರುವಾದ ಪಟ್ಟಿಯಲ್ಲಿ ಅವ್ವನ ಯಂತ್ರ ಕಟ್ಟಕಡೆಗೆ ಇತ್ತು, ಅದೂ ನಾನೇ ಬರೆದದ್ದು. ಅದು ತಿನ್ನುವ ಕರೆಂಟು ಒಂದು ಮಿಕ್ಸರಿಗಿಂತ ಕಡಿಮೆ. ಇದಕ್ಕೆ ಜನರೇಟರ್ ತರುವುದೆಂದರೆ ಒಂದು ಚೀಲ ಒಯ್ಯಲು ಲಾರಿ ಹಿಡಿದಂತೆ ಎಂದು ನಕ್ಕುಬಿಟ್ಟೆ.

ಆಗ ತಮ್ಮ ಒಂದು ಮಾತು ಅಂದ. "ಅಣ್ಣಾ, ಅವ್ವನ ಜೀವಕ್ಕೂ ರೇಟ್ ಕೇಳಾಕತ್ತಿ ನೀ."

ಆ ಮಾತು ನಾಟಿತು. ಅದು ನಾಟಬೇಕೆಂದೇ ಅವನು ಅಂದದ್ದು. ಏಸಿ ಬೇಕಾದವರೆಲ್ಲ ತಾಯಿಯ ಹೆಸರು ಹೇಳುತ್ತಾರೆ ಎಂದು ಗೊತ್ತಿದ್ದೂ ನಾನು ಸೋತೆ. ಅವತ್ತಿನಿಂದ ಬೇಕೋ ಬೇಡವೋ ಎಂಬ ಪ್ರಶ್ನೆ ಹೋಗಿ, ಎಷ್ಟಕ್ಕೆ ಎಂಬ ಪ್ರಶ್ನೆ ಉಳಿಯಿತು. ವ್ಯಾಪಾರಿ ಹಾಳಾಗುವುದು ಇಲ್ಲೇ.

ಎಲ್ಲಿ ಇಡಬೇಕು ಎನ್ನುವುದನ್ನು ತಮ್ಮನ ಮಾವ ನಿಶ್ಚಯಿಸಿದರು. ಮಾಣಿಕನಗರದ ಗುಡಿಯ ಹತ್ತಿರ ಅಂಗಡಿ ಇಟ್ಟವರು, ತೆಂಗಿನಕಾಯಿ ಮಾರುತ್ತ ಮಾರುತ್ತ ವಾಸ್ತು ಕಲಿತವರು. ಹಿತ್ತಲಲ್ಲಿ ನಾಲ್ಕು ಹೆಜ್ಜೆ ನಡೆದು, ಉರಿಯುವ ವಸ್ತು ಅಗ್ನಿಮೂಲೆಯಲ್ಲೇ ಇರಬೇಕು, ಬೇರೆಲ್ಲಿ ಇಟ್ಟರೂ ಯಜಮಾನನಿಗೆ ಕೇಡು ಎಂದರು. ಯಜಮಾನ ಎಂದರೆ ನಾನು. ಹಾಗಾಗಿ ನಾನೂ ಗೋಣು ಹಾಕಿದೆ. ಡೀಸೆಲ್ ಇಂಜಿನ್ನಿಗೆ ಯಾವ ಶಾಸ್ತ್ರದಲ್ಲಿ ಜಾಗ ಹೇಳಿದ್ದಾರೋ, ಕೇಳಲಿಲ್ಲ. ಯಂತ್ರ ಬರುವ ಮೊದಲೇ ಕಟ್ಟೆ ಎದ್ದಿತು, ಪೂಜೆಯೂ ಆಯಿತು.

ಹೊಸ ಯಂತ್ರದ ಬೆಲೆ ಕೇಳಿ ನಾನು ಹುಮನಾಬಾದಿನ ಹೆದ್ದಾರಿ ಪಕ್ಕದ ಹಳೆ ಯಂತ್ರಗಳ ವ್ಯಾಪಾರಿಯ ಹತ್ತಿರ ಹೋದೆ. ಯಾವುದೋ ಕಾರ್ಖಾನೆ ಬಿಟ್ಟುಕೊಟ್ಟ ಜನರೇಟರ್ ಅವನಲ್ಲಿತ್ತು. ಹೊಸ ಬಣ್ಣ ಬಳಿದು ಮದುಮಗನಂತೆ ನಿಲ್ಲಿಸಿದ್ದ. ಮೂರು ಸಲ ಹೋದೆ, ಮೂರು ಸಲವೂ ಚಹಾ ಕುಡಿದು ಎದ್ದು ಬಂದೆ. ಇದು ನನ್ನ ಪದ್ಧತಿ, ನೀವೂ ಮಾಡಿ ನೋಡಿ. ನಾಲ್ಕನೆಯ ಸಲ ಅವನೇ ಫೋನು ಮಾಡಿ, ಟೆಂಪೋದಲ್ಲಿ ಹೇರಿಕೊಂಡು ಬರುತ್ತೇನೆ, ನಿಮ್ಮ ಮನೆಯಲ್ಲೇ ಚಾಲೂ ಮಾಡಿ ತೋರಿಸುತ್ತೇನೆ ಎಂದ.

ಮರುದಿನ ಮುಂಜಾನೆ ನಾಲ್ವರು ಹಮಾಲರು ಅದನ್ನು ಕಟ್ಟೆಯ ಮೇಲೆ ಕೂಡಿಸಿದರು. ತಮ್ಮ ಬಂದ, ಅವನ ಮಾವ ನಿಂಬೆಹಣ್ಣು ಹಿಡಿದು ಬಂದರು. ವ್ಯಾಪಾರಿ ಇಂಜಿನ್ ಶುರು ಮಾಡಿದ. ನೆಲ ಅದುರಿತು. ಆ ಸದ್ದಿನಲ್ಲೇ ನಾನು ಹೆಗಲ ಮೇಲಿನ ಟಾವೆಲ್ ಅವನ ಕೈಮೇಲೆ ಹಾಸಿ, ಒಳಗಿಂದ ಅವನ ಬೆರಳು ಹಿಡಿದೆ. ದನದ ಸಂತೆಯ ದಲಾಲರು ಹೀಗೇ ಬೆಲೆ ಮಾಡುತ್ತಾರೆ. ಬೆರಳೇ ಅಂಕಿ, ನೋಡುವವರಿಗೆ ತಿಳಿಯುವುದಿಲ್ಲ. ಅವನು ನಾಲ್ಕು ಬೆರಳು ಒತ್ತಿದ. ನಾನು ಮೂರು ಹಿಡಿದೆ. ಅವನ ಕೈ ಬೆವತಿತ್ತು, ಸಡಿಲಾಗತೊಡಗಿತ್ತು. ಅಷ್ಟರಲ್ಲಿ ಒಳಗೆ ಅವ್ವ ಕೆಮ್ಮಿದಳು.

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಕೆಮ್ಮು ಕೇಳಿಸಿದ ಮೇಲೂ ನಾನು ಬೆರಳು ಬಿಡಲಿಲ್ಲ. ಇನ್ನೊಂದು ಗಳಿಗೆ, ಮೂರಕ್ಕೆ ಬರುತ್ತಾನೆ ಎಂದುಕೊಂಡೆ. ಕೆಮ್ಮು ನಿಲ್ಲಲಿಲ್ಲ. ತಲೆ ಎತ್ತಿ ನೋಡಿದರೆ ಜನರೇಟರಿನ ಹೊಗೆಕೊಳವೆಯಿಂದ ಮೂರು ಮಾರು ದೂರಕ್ಕೆ ಅವ್ವನ ಕಿಟಕಿ. ಕರಿ ಹೊಗೆ ಗೋಡೆ ಹಿಡಿದು ನೆಟ್ಟಗೆ ಅದರೊಳಗೇ ಹೋಗುತ್ತಿತ್ತು. ಅವ್ವ ಮಲಗುತ್ತಿದ್ದದ್ದು ಹಳೆಯ ಅಡುಗೆಮನೆಯಲ್ಲಿ. ಮಹಡಿ ಕಟ್ಟಿ ಹೊಸ ಅಡುಗೆಮನೆ ಮಾಡಿದ ಮೇಲೆ ತನ್ನ ಜಾಗ ಬಿಟ್ಟು ಕದಲುವುದಿಲ್ಲ ಎಂದು ಅಲ್ಲೇ ಮಂಚ ಹಾಕಿಸಿಕೊಂಡಿದ್ದಳು. ಅಡುಗೆಮನೆ ಅಗ್ನಿಮೂಲೆಯಲ್ಲದೆ ಇನ್ನೆಲ್ಲಿರುತ್ತದೆ? ಒಬ್ಬ ವಾಸ್ತು ಬಲ್ಲವ, ಒಬ್ಬ ಗುತ್ತೇದಾರ, ಒಬ್ಬ ತೊಗರಿ ವ್ಯಾಪಾರಿ, ಮೂವರೂ ಎಷ್ಟೋ ಸಲ ಆ ಹಿತ್ತಲಲ್ಲಿ ನಿಂತಿದ್ದೆವು. ಒಬ್ಬನ ಕಣ್ಣಿಗೂ ಕಿಟಕಿ ಬಿದ್ದಿರಲಿಲ್ಲ.

ಟಾವೆಲ್ ಎಸೆದು ಒಳಗೆ ಓಡಿದೆ, ಇಂಜಿನ್ ಬಂದ್ ಮಾಡಿರೆಂದು ಕೂಗುತ್ತ. ಆಕ್ಸಿಜನ್ ಯಂತ್ರ ತನ್ನ ಪಾಡಿಗೆ ನಡೆಯುತ್ತಿತ್ತು, ಕೋಣೆಯ ಹೊಗೆಯನ್ನೇ ಎಳೆದು ಅವಳ ಮೂಗಿಗೆ ಕೊಡುತ್ತಿತ್ತು. ಅವ್ವನನ್ನು ಪಡಸಾಲೆಗೆ ಎತ್ತಿಕೊಂಡು ಬಂದೆ. ಕೆಮ್ಮು ಇಳಿಯಲು ಬಹಳ ಹೊತ್ತು ಹಿಡಿಯಿತು.

"ಆ ಮೂಲ್ಯಾಗ ನಲವತ್ತ ವರ್ಷ ಹೊಗಿ ಕುಡದೀನಿ," ಎಂದಳು. "ಒಲಿ ತಗದ್ರಿ ಅಂತ ಖುಷಿ ಆಗಿದ್ದೆ. ಮತ್ತೊಂದ ತಂದ್ರೇನ್ರೋ ನನ ಮಕ್ಕಳ್ರಾ?"

ತಮ್ಮನ ಮಾವ, ಜನರೇಟರ್ ವಾಯವ್ಯಕ್ಕೆ ಸರಿಸಿದರೂ ನಡೆಯುತ್ತದೆ ಎಂದು ಶುರು ಮಾಡಿದರು. ವಾಯವ್ಯದಲ್ಲಿ ಅವರ ಮಗಳ ಮಲಗುವ ಕೋಣೆ ಬರುತ್ತದೆ ಎಂದು ನೆನಪಿಸಿದೆ. ನಿಂಬೆಹಣ್ಣು ಜೇಬಿಗೆ ಹೋಯಿತು. ವ್ಯಾಪಾರಿ ಹೊರಗಿನಿಂದಲೇ ಕರೆದ: "ಆಯ್ತ್ರಿ ಸಾವ್ಕಾರ್ರ, ಮೂರಕ್ಕಽ ಕೊಟ್ಟೆ, ಒಯ್ರಿ." ಇಡೀ ಜನ್ಮದಲ್ಲಿ ಗೆದ್ದ ವ್ಯಾಪಾರ ಬಿಟ್ಟದ್ದು ಅದೊಂದೇ. ಟೆಂಪೋ ಬಾಡಿಗೆ ಕೊಟ್ಟು ಕಳಿಸಿದೆ, ಅದರಲ್ಲೂ ಚೌಕಾಶಿ ಮಾಡಲಿಲ್ಲ.

ಆಮೇಲೆ ಮಾಡಿದ್ದು ಮೊದಲೇ ಮಾಡಬಹುದಾದ ಕೆಲಸ. ಎರಡು ದೊಡ್ಡ ಬ್ಯಾಟರಿಯ ಇನ್ವರ್ಟರ್ ತಂದು ಅವ್ವನ ಕೋಣೆಗೆ ಮಾತ್ರ ಜೋಡಿಸಿದೆ: ಅವಳ ಯಂತ್ರ, ಒಂದು ಫ್ಯಾನು, ಒಂದು ದೀಪ. ಬ್ಯಾಟರಿ ಇಳಿದರೆ ಇರಲಿ ಎಂದು ತುಂಬಿದ ದೊಡ್ಡ ಆಕ್ಸಿಜನ್ ಸಿಲಿಂಡರ್ ಮಂಚದ ಪಕ್ಕಕ್ಕೆ. ಬೇರೆ ಯಾವ ಕೋಣೆಗೂ ತಂತಿ ಎಳೆಯಬೇಡ ಎಂದು ವೈರಿಂಗ್ ಮಾಡುವವನಿಗೆ ತಮ್ಮನ ಎದುರೇ ಹೇಳಿದೆ. ಒಂದು ಟೀವಿಗಾದರೂ, ಎಂದ ತಮ್ಮ. ಇಲ್ಲ ಎಂದೆ. ಒಂದು ತಂತಿ ಬಿಟ್ಟರೆ ಹಿಂದೆ ಇಡೀ ಮನೆ ಬರುತ್ತದೆ.

ಈ ಸಲದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬಿರುಗಾಳಿ ಬಿಟ್ಟು ಕಂಬ ಬಿದ್ದು, ದೀಪ ಹಚ್ಚುವ ಹೊತ್ತಾದರೂ ಕರೆಂಟ್ ಬರಲಿಲ್ಲ. ಅವ್ವನ ಯಂತ್ರ ಚೀರಲಿಲ್ಲ. ನನ್ನ ತೊಗರಿ ಅಂಗಡಿಯಿಂದ ಓಡುತ್ತ ಬಂದು ಬಾಗಿಲಲ್ಲಿ ನಿಂತೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ತಮ್ಮ ಬರೀ ಬನಿಯನ್ನಿನಲ್ಲಿ ಫ್ಯಾನಿನ ಕೆಳಗೆ ಚಾಪೆ ಹಾಸಿ ಮಲಗಿದ್ದ. ಅವನ ಹೆಂಡತಿ, ನನ್ನ ಹೆಂಡತಿ, ಮಕ್ಕಳು, ಎಲ್ಲರೂ ಗೋಡೆಗೆ ಒರಗಿ ಕೂತಿದ್ದರು. ಏಸಿ ಇದ್ದ ಮಹಡಿ ಬಿಕೋ ಎನ್ನುತ್ತಿತ್ತು. ನಡುವೆ ಅವ್ವ ಮೂಗಿನಲ್ಲಿ ನಳಿಗೆ ಇಟ್ಟುಕೊಂಡು, ಗೌಡಶಾನಿಯಂತೆ ಮಂಚದ ಮೇಲೆ ಕೂತಿದ್ದಳು.

ನನ್ನನ್ನು ನೋಡಿ ತಮ್ಮನ ಕಡೆ ಬೆರಳು ತೋರಿಸಿದಳು.

"ಇವನ್ನ ಹೊರಗ ಹಾಕೋ. ನನಗ ಅಂತ ತಂದ ಗಾಳಿ ಪೂರಾ ಇವನಽ ಕುಡ್ಯಾಕತ್ತಾನ."